ಹ್ಯಾಂಪ್‌ಷೈರ್: ಒಂದು ಯುದ್ಧನೌಕೆಯ ಹನ್ನೊಂದು ವರ್ಷ

ದೂರದ ಕಡಲುಗಳಲ್ಲಿ ವ್ಯಾಪಾರದ ಹಡಗುಗಳನ್ನು ಕಾಯಲು ಬೇಕಾದ ವೇಗವನ್ನೂ ಶತ್ರುವಿನ ಗುಂಡನ್ನು ತಡೆಯುವ ಉಕ್ಕಿನ ಹೊದಿಕೆಯನ್ನೂ ಒಂದೇ ಒಡಲಲ್ಲಿ ಕೂಡಿಸಲು ಹೊರಟಾಗ ಹುಟ್ಟಿದ ನೌಕೆಯೇ ಕವಚದ ಕ್ರೂಸರ್. ಬ್ರಿಟಿಷ್ ನೌಕಾಪಡೆಯ ಡೆವನ್‌ಷೈರ್ ವರ್ಗದ ಆರು ಕ್ರೂಸರುಗಳಲ್ಲಿ ಒಂದಾದ ಹ್ಯಾಂಪ್‌ಷೈರ್, ಟೈನ್ ನದಿಯ ದಂಡೆಯ ಎಲ್ಸ್‌ವಿಕ್‌ನಲ್ಲಿ ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಕಂಪನಿಯ ಕಟ್ಟೆಯಿಂದ 1903ರ ಸೆಪ್ಟೆಂಬರ್ 24ರಂದು ನೀರಿಗಿಳಿದು, 1905ರಲ್ಲಿ ಸೇವೆಗೆ ಸೇರಿತು. ಸುಮಾರು 10,850 ಟನ್ ತೂಕದ ಈ ಹಡಗು ಗಂಟೆಗೆ 22 ನಾಟಿಕಲ್ ಮೈಲಿ ಓಡಬಲ್ಲದಾಗಿತ್ತು. ಅದರ ಆರು ಇಂಚಿನ ಆರು ಫಿರಂಗಿಗಳಲ್ಲಿ ನಾಲ್ಕನ್ನು ನೀರಿನ ಮಟ್ಟಕ್ಕೆ ತೀರ ಹತ್ತಿರದಲ್ಲಿ ಕೂರಿಸಿದ್ದರಿಂದ, ಕಡಲು ಶಾಂತವಾಗಿದ್ದಾಗ ಮಾತ್ರ ಅವು ಉಪಯೋಗಕ್ಕೆ ಬರುತ್ತಿದ್ದವು. ಬಿರುಗಾಳಿಯ ಕಡಲುಗಳಲ್ಲೂ ಓಡಾಡಬೇಕಾದ ಹಡಗಿಗೆ ಇದು ಸಣ್ಣ ದೋಷವಲ್ಲ. 1908ರಲ್ಲಿ ಇನ್‌ವಿನ್ಸಿಬಲ್ ವರ್ಗದ ಬ್ಯಾಟಲ್‌ಕ್ರೂಸರ್, ಅಂದರೆ ಇನ್ನೂ ದೊಡ್ಡ ಫಿರಂಗಿಗಳ, ಇನ್ನೂ ವೇಗದ ಹೊಸ ಮಾದರಿಯ ನೌಕೆ ಬಂದ ಮೇಲಂತೂ ಇಡೀ ವರ್ಗವೇ ಹಳತಾಯಿತು.

1912ರಿಂದ ಚೀನಾ ಸಮುದ್ರದ ಕಾವಲಿಗಿದ್ದ ಹ್ಯಾಂಪ್‌ಷೈರಿಗೆ 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನಿಯ ಎಂಡನ್ ನೌಕೆಯನ್ನು ಬೇಟೆಯಾಡುವ ಕೆಲಸ ಬಿತ್ತು. ಎಂಡನ್‌ನ ನಾವಿಕರಾದರೋ ತಮ್ಮ ಹಡಗಿಗೆ ನಾಲ್ಕನೆಯ ಸುಳ್ಳು ಹೊಗೆಕೊಳವೆ ಕಟ್ಟಿ, ಬ್ರಿಟಿಷರ ತಂತಿರಹಿತ ಸಂದೇಶಗಳಿಗೆ ಕಿವಿಗೊಟ್ಟು, ಸುಮಾತ್ರಾದ ಬಳಿಯ ಸಿಮೆಲುಯೆ ದ್ವೀಪದಲ್ಲಿ ಅತ್ಯಲ್ಪ ಅಂತರದಲ್ಲಿ ಹ್ಯಾಂಪ್‌ಷೈರಿನ ಕೈ ತಪ್ಪಿಸಿಕೊಂಡರು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಬಂದರಿನಲ್ಲಿದ್ದ ಎಣ್ಣೆಯ ತೊಟ್ಟಿಗಳನ್ನು ಸುಟ್ಟ ಹಡಗು ಈ ಎಂಡನ್ ನೌಕೆಯೇ. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಅದನ್ನು ಹೊಡೆದುರುಳಿಸಿದ್ದು ಆಸ್ಟ್ರೇಲಿಯಾದ ಸಿಡ್ನಿ ನೌಕೆ. ಹ್ಯಾಂಪ್‌ಷೈರ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೈನಿಕರ ಹಡಗುಗಳನ್ನು ಈಜಿಪ್ಟಿನವರೆಗೆ ಕಾದು ತಲುಪಿಸಿ, ತಾಯ್ನಾಡಿಗೆ ಮರಳಿತು. 1916ರ ಮೇ 31ರಂದು ಜರ್ಮನ್ ನೌಕಾಪಡೆಯೊಡನೆ ನಡೆದ ಜಟ್‌ಲೆಂಡ್ ಕದನದಲ್ಲೂ ಅದು ಇತ್ತು.

ಅದಾದ ಐದನೆಯ ದಿನ, ಅಂದರೆ ಜೂನ್ 5ರಂದು, ರಷ್ಯಾದೊಡನೆ ಮಾತುಕತೆಗೆ ಹೊರಟ ಯುದ್ಧ ಸಚಿವ ಲಾರ್ಡ್ ಕಿಚನರ್, 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕರಾಗಿದ್ದವರು, ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿದ್ದ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ಈ ಹಡಗನ್ನು ಹತ್ತಿದರು. ಈಶಾನ್ಯದ ಬಿರುಗಾಳಿಗೆ ಮರೆಯಾಗುತ್ತದೆಂದು ದ್ವೀಪಗಳ ಪಡುವಣ ದಾರಿಯನ್ನು ಆರಿಸಲಾಗಿತ್ತು. ಆದರೆ ಗಾಳಿ ವಾಯವ್ಯಕ್ಕೆ ತಿರುಗಿ ಎದುರಿನಿಂದಲೇ ಬೀಸಿದಾಗ ಬೆಂಗಾವಲಿನ ಯೂನಿಟಿ ಮತ್ತು ವಿಕ್ಟರ್ ಎಂಬ ಚಿಕ್ಕ ನೌಕೆಗಳು ಹಿಂದೆ ಬೀಳತೊಡಗಿದವು, ಅವನ್ನು ಮರಳಿ ಕಳುಹಿಸಲಾಯಿತು. ಯು-75 ಎಂಬ ಜರ್ಮನ್ ಜಲಾಂತರ್ಗಾಮಿ ಒಂದು ವಾರದ ಹಿಂದೆ ಅದೇ ದಾರಿಯಲ್ಲಿ ಮೈನುಗಳನ್ನು, ಎಂದರೆ ಹಡಗು ತಗುಲಿದೊಡನೆ ಸಿಡಿಯುವ, ನೀರಿನೊಳಗೆ ಅಡಗಿಸಿಟ್ಟ ಸ್ಫೋಟಕಗಳನ್ನು, ಹಾಕಿ ಹೋಗಿತ್ತು. ಸಂಜೆ ಸುಮಾರು 7.40ಕ್ಕೆ, ಇನ್ನೂ ಬೆಳಕಿರುವಾಗಲೇ, ಮಾರ್ವಿಕ್ ಹೆಡ್ ಎಂಬ ಕಡಿದಾದ ಬಂಡೆಯ ಎದುರಿನಲ್ಲಿ ಅವುಗಳಲ್ಲೊಂದು ಸಿಡಿಯಿತು. ವಿದ್ಯುತ್ ನಿಂತದ್ದರಿಂದ ದೊಡ್ಡ ದೋಣಿಗಳನ್ನು ಎತ್ತಿ ಇಳಿಸಲಾಗಲಿಲ್ಲ. ಹೇಗೋ ಇಳಿದವು ಅಲೆಗೆ ಸಿಕ್ಕಿ ಹಡಗಿನ ಪಕ್ಕೆಗೇ ಬಡಿದು ಪುಡಿಯಾದವು. ಹದಿನೈದು ನಿಮಿಷಗಳಲ್ಲಿ ಎಲ್ಲ ಮುಗಿದಿತ್ತು. ಬೆಂಡು ಸುತ್ತಿದ ಕೊಳವೆಯ ಉಂಗುರದಂಥ ಮೂರು ತೆಪ್ಪಗಳು ಮಾತ್ರ ಹೊರಟವು. ಅವುಗಳನ್ನು ಹಿಡಿದುಕೊಂಡವರಲ್ಲೂ ಹೆಚ್ಚಿನವರು ದಡ ಕಾಣುವ ಮೊದಲೇ ಚಳಿಗೆ ಸತ್ತರು. ಬದುಕಿದವರು ಹನ್ನೆರಡು ಜನ, ಸತ್ತವರು 737. ಕಿಚನರ್ ಶವ ಸಿಗಲೇ ಇಲ್ಲ.

ಲೋಕ ಈ ದುರಂತವನ್ನು ಒಬ್ಬರ ಹೆಸರಿನಿಂದಲೇ ಕರೆಯಿತು: 1926ರಲ್ಲಿ ಬಂಡೆಯ ಮೇಲೆದ್ದ ಗೋಪುರ ಕಿಚನರ್ ಸ್ಮಾರಕವಾಯಿತು. ಕಲ್ಲಿದ್ದಲು ಹಾಕುತ್ತಿದ್ದವರ, ಅಡುಗೆಯವರ, ಹದಿಹರೆಯದ ನಾವಿಕರ ಹೆಸರುಗಳು ಅಲ್ಲಿ ಕಾಣಿಸಲು ಇನ್ನೂ ತೊಂಬತ್ತು ವರ್ಷ ಹಿಡಿದದ್ದು ನೋವಿನ ಸಂಗತಿ. 2016ರಲ್ಲಿ ಗೋಪುರದ ಸುತ್ತ ಕಟ್ಟಿದ ತಗ್ಗಾದ ಕಲ್ಲಿನ ಗೋಡೆಯ ಮೇಲೆ ಆ 737 ಹೆಸರುಗಳನ್ನೂ ಕೆತ್ತಲಾಗಿದೆ. ಅವುಗಳ ಜೊತೆಗೆ, ಅದೇ ಮೈನುಗಳನ್ನು ತೆಗೆಯಲು ಹೋಗಿ ಅದೇ ತಿಂಗಳಲ್ಲಿ ಮುಳುಗಿದ ಲಾರೆಲ್ ಕ್ರೌನ್ ಎಂಬ ಸಣ್ಣ ಹಡಗಿನ ಒಂಬತ್ತು ಜನರ ಹೆಸರುಗಳೂ ಇವೆ.