ನಾ ನಿನ್ನ ಬಿಡಲಾರೆ ಅಂದದ್ದು ಯಾರು?

ದೆವ್ವದ ವಿಷಯ ಬಂದಾಗ ಕನ್ನಡದಲ್ಲಿ ನಾವು ಮುಖ್ಯವಾಗಿ ಬಳಸುವುದು ಎರಡು ಮಾತು. ಹಿಡಿಯುವುದು, ಬಿಡುವುದು. ದೆವ್ವ ಹಿಡಿಯಿತು, ದೆವ್ವ ಬಿಡಿಸಿದರು, ಏನು ಮಾಡಿದರೂ ಬಿಡಲಿಲ್ಲ... ಜಮೀನಿನ ವಿಷಯದಲ್ಲೂ ಇದೇ ಮಾತು ನೋಡಿ. ಗದ್ದೆ ಹಿಡಿದರು, ಜಾಗ ಬಿಡಿಸಿದರು! ನನಗಂತೂ ಇದು ಬರೀ ಕಾಕತಾಳೀಯ ಅನಿಸುವುದಿಲ್ಲ. ನಮ್ಮ ದೆವ್ವದ ಕಥೆಗಳಲ್ಲಿ ಬಹುಪಾಲು ಕೊನೆಗೆ ಮನೆಯ ತಕರಾರುಗಳೇ. ಈ ಮನೆಯಲ್ಲಿ ಯಾರು ಇರಬೇಕು, ಯಾರು ಹೊರಗೆ ಹೋಗಬೇಕು ಅನ್ನುವುದು.

ಹೋದ ವಾರ 'ನಾ ನಿನ್ನ ಬಿಡಲಾರೆ' ಮತ್ತೊಮ್ಮೆ ನೋಡುವಾಗ ಇದು ತಲೆಗೆ ಹೊಕ್ಕಿತು. 1979ರ ಚಿತ್ರ. 'ಗಂಧದ ಗುಡಿ' ಮಾಡಿದ ವಿಜಯ್ ಅವರ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ, ಅನಂತನಾಗ್ ಮತ್ತು ಲಕ್ಷ್ಮಿ. ಅನಂತನಾಗ್ ನಮ್ಮ ಜಿಲ್ಲೆಗೆ ತೀರಾ ಹೊರಗಿನವರಲ್ಲ. ಬಾಲ್ಯದ ಕೆಲವು ಕಾಲ ಶಿರಾಲಿಯ ಚಿತ್ರಾಪುರ ಮಠದಲ್ಲಿ ಕಳೆದವರು. ಈ ಚಿತ್ರವನ್ನೇ 1981ರಲ್ಲಿ ಹಿಂದಿಯಲ್ಲಿ 'ಮಂಗಲಸೂತ್ರ' ಅಂತ ಮಾಡಿದಾಗಲೂ ನಾಯಕ ಅವರೇ, ಜೊತೆಗೆ ರೇಖಾ.

ಕಥೆ ನಿಮಗೆಲ್ಲ ಗೊತ್ತಿರುವುದೇ. ಕಾಮಿನಿ ಒಬ್ಬನನ್ನು ಒಮ್ಮುಖವಾಗಿ ಪ್ರೀತಿಸಿ ಸತ್ತವಳು. ಅವಳ ಆತ್ಮ ಅವನ ಮೈಮೇಲೆ ಬಂದು ಸಂಸಾರ ಕೆಡಿಸುತ್ತದೆ. ರಾಯರ ಭಕ್ತೆಯಾದ ಹೆಂಡತಿ ಗಂಡನನ್ನು ಉಳಿಸಿಕೊಳ್ಳಲು ಹೋರಾಡುತ್ತಾಳೆ, ಕೊನೆಗೆ ಮಂತ್ರಾಲಯವೇ ಗತಿ. ಇಲ್ಲಿ ವಿಶೇಷ ಏನೆಂದರೆ ದೆವ್ವ ಹಿಡಿಯುವುದು ಗಂಡಸಿಗೆ. ನಮ್ಮ ಊರುಗಳಲ್ಲಿ ಮೈಮೇಲೆ ಬಂತು ಅಂದರೆ ಮೊದಲು ಮನೆಯ ಸೊಸೆಯ ಕಡೆಗೇ ನೋಡುತ್ತಿದ್ದರು. ಇಲ್ಲಿ ಸೊಸೆ ಗಟ್ಟಿಯಾಗಿ ನಿಂತಿದ್ದಾಳೆ, ಗಂಡನೇ ಹೆಣ್ಣಿನ ದನಿಯಲ್ಲಿ ಕೂಗುತ್ತಾನೆ.

ಈ ಸಲ ನನ್ನನ್ನು ಕಾಡಿದ್ದು ಮಾತ್ರ ಕಾಮಿನಿ. ಅವಳಿಗೆ ಬೇಕಾಗಿದ್ದು ಆ ಮನೆಯಲ್ಲಿ ಒಂದು ಜಾಗ. ಬದುಕಿದ್ದಾಗ ಸಿಗಲಿಲ್ಲ, ಸತ್ತ ಮೇಲೆ ಬಲವಂತದಿಂದ ಹೊಕ್ಕಳು. ಅಷ್ಟಕ್ಕೂ 'ಬಿಡಲಾರೆ' ಅನ್ನುವ ಮಾತು ದೆವ್ವದ್ದು ಎಷ್ಟೋ ಹೆಂಡತಿಯದೂ ಅಷ್ಟೇ. ಒಂದು ಮನೆಗೆ ಇಬ್ಬರು ಹಕ್ಕುದಾರರು!

ಮುಂದಿನ ದೊಡ್ಡ ಚಿತ್ರ 'ಆಪ್ತಮಿತ್ರ', 2004. ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್, ರಮೇಶ್, ಸೌಂದರ್ಯ. ಅದೇ ವರ್ಷ ಏಪ್ರಿಲ್ 17ರಂದು ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು, ಚಿತ್ರ ಬಂದದ್ದು ಆಗಸ್ಟಿನಲ್ಲಿ. ಹಾಗಾಗಿ ನಾಗವಲ್ಲಿಯ ಕುಣಿತ ನೋಡುವಾಗ ಜನರಿಗೆ ಆದ ಅನುಭವವೇ ಬೇರೆ. ತೆರೆಯ ಮೇಲಿದ್ದವಳು ನಿಜವಾಗಿಯೂ ಇಲ್ಲವಾಗಿದ್ದಳು.

ಇದರ ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಫಾಸಿಲ್ ನಿರ್ದೇಶನ, ಮಧು ಮುಟ್ಟಂ ಕಥೆ. ಆ ಕಥೆಗೆ ಪ್ರೇರಣೆ ಅಂತ ಹೇಳುವುದು ಕೇರಳದ ಮುಟ್ಟಂನ ಆಲುಮ್ಮೂಟ್ಟಿಲ್ ತರವಾಡಿನಲ್ಲಿ ನಡೆದ ಕೊಲೆಯನ್ನು. ಅದರ ಹಿಂದೆ ಇದ್ದದ್ದು ಆಸ್ತಿ. ಮಕ್ಕಳಿಗಲ್ಲ, ಸೋದರಳಿಯನಿಗೆ ಆಸ್ತಿ ಹೋಗುವ ಪದ್ಧತಿ ಅದು, ನಮ್ಮ ದಕ್ಷಿಣ ಕನ್ನಡದ ಅಳಿಯಸಂತಾನದ ಹಾಗೆ. ಅಂದರೆ ಬೀಗ ಹಾಕಿದ ಕೋಣೆಯ ಆಚೆ ದೆವ್ವಕ್ಕಿಂತ ಮೊದಲು ಇದ್ದದ್ದು ಪಾಲಿನ ಜಗಳ!

2025ರಲ್ಲಿ ಬಂದ 'ಸು ಫ್ರಂ ಸೋ' ಇದನ್ನೆಲ್ಲ ನಗುನಗುತ್ತಾ ತಿರುಗಿಸಿ ಹಾಕಿತು. ಜೆ.ಪಿ. ತುಮಿನಾಡು ಅವರ ಚಿತ್ರ. ಸುಲೋಚನಾ ಫ್ರಂ ಸೋಮೇಶ್ವರ. ದೆವ್ವ ಸುಳ್ಳು. ಆದರೆ ಆ ಸುಳ್ಳಿನ ಬೆನ್ನು ಹತ್ತಿ ಹೋದಾಗ ಸತ್ತವಳ ಮಗಳ ನಿಜವಾದ ಕಷ್ಟ ಕಾಣಿಸುತ್ತದೆ. ದೆವ್ವವನ್ನು ಓಡಿಸುವ ಮೊದಲು ನಿನಗೆ ಏನಾಯಿತು ಅಂತ ಕೇಳುವ ಕಥೆ ಅದು.

ಹೀಗೆ ಕೇಳುವುದು ನಮ್ಮ ಕಾರವಾರಕ್ಕೆ ಹೊಸದಲ್ಲ ಬಿಡಿ. ಕಾರವಾರದ ಕೋಡಿಬಾಗದಲ್ಲಿ ಖಾಪ್ರಿ ದೇವರ ಗುಡಿ ಇದೆ. ಆಫ್ರಿಕಾದಿಂದ ಬಂದವನೊಬ್ಬ ಇಲ್ಲಿ ದೇವರಾದ ಅಂತ ಜನರ ನಂಬಿಕೆ. ಕರಿಯ ಜನರನ್ನು ಪೋರ್ಚುಗೀಸರು ಕರೆಯುತ್ತಿದ್ದ 'ಕಾಫ್ರೆ'ಯೇ ಖಾಪ್ರಿ ಆಗಿರಬೇಕು. ಅವನಿಗೆ ಹರಕೆ ಏನು ಗೊತ್ತೇ? ಬೀಡಿ, ಸಿಗರೇಟು, ಮೇಣದಬತ್ತಿ, ಸಾರಾಯಿ. ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದದ್ದು ಇತಿಹಾಸ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಹಾಗೆ ಬಂದವರು. ಹಿಂದೆ ಮುಂದೆ ಯಾರೂ ಇಲ್ಲದ ಪರದೇಶಿ ಸತ್ತರೆ ಸಿನಿಮಾದಲ್ಲಿ ದೆವ್ವ ಆಗುತ್ತಾನೆ. ಇಲ್ಲಿಯವರು ಅವನಿಗೆ ಮನೆ ಕಟ್ಟಿಕೊಟ್ಟು, ಅವನಿಗೆ ಇಷ್ಟವಾದದ್ದನ್ನೇ ತಂದು ಕೊಟ್ಟರು.

ಮನೆಯ ಸತ್ತವರ ವಿಷಯವೂ ಅಷ್ಟೇ. ಮಹಾಲಯ ಪಕ್ಷದಲ್ಲಿ (ಕೊಂಕಣಿಯವರು ಮ್ಹಾಳ ಅನ್ನುತ್ತಾರೆ) ಹಿರಿಯರಿಗೆ ಎಡೆ ಇಟ್ಟು, ಕಾಗೆಗೆ ಅನ್ನ ಹಾಕಿ ಕಾಯುತ್ತೇವೆ. ಅಂಕೋಲೆಯ ನಮ್ಮ ಮನೆಯಲ್ಲಿ ಎಡೆ ಇಟ್ಟು ಬಾಗಿಲು ಓರೆ ಮಾಡಿದ ಮೇಲೆ ಅಜ್ಜಿ ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದಳು. "ಗಲಾಟೆ ಮಾಡ್ಬೇಡಿ, ಹಿರಿಯರು ಊಟಕ್ಕೆ ಕೂತಿದ್ದಾರೆ." ನಮಗೆ ಹೆದರಿಕೆಯೇ ಆಗುತ್ತಿರಲಿಲ್ಲ. ಊಟಕ್ಕೆ ಕೂತವರಿಗೆ ಯಾರಾದರೂ ಹೆದರುತ್ತಾರೆಯೇ?

ಆದರೆ ಹಿರಿಯರು ಬರಬೇಕಾದರೆ ಅವರಿಗೆ ಗೊತ್ತಿರುವ ಮನೆ ಇರಬೇಕಲ್ಲ! ಈ ಮಾತು ಕಾರವಾರ, ಅಂಕೋಲೆಗಳಲ್ಲಿ ಸುಮ್ಮನೆ ಹೇಳುವ ಮಾತಲ್ಲ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕಾಗಿ ಎರಡೂ ತಾಲ್ಲೂಕುಗಳ ಕಡಲಂಚಿನ 13 ಹಳ್ಳಿಗಳಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. ನೆಲೆ 'ಐಎನ್ಎಸ್ ಕದಂಬ' ಎಂದು ಉದ್ಘಾಟನೆ ಆದದ್ದು 2005ರಲ್ಲಿ. ಎದ್ದವರಿಗೆ ತೋಡೂರು, ಮುದಗಾ, ಚಿತ್ತಾಕುಲ ಮುಂತಾದ ಕಡೆ ಕಾಲನಿಗಳಾದವು. ಪರಿಹಾರದ ಲೆಕ್ಕ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ದೇಶಕ್ಕೆ ನೌಕಾನೆಲೆ ಬೇಕಿತ್ತೋ ಇಲ್ಲವೋ ಅನ್ನುವ ಚರ್ಚೆ ನಾನಿಲ್ಲಿ ಎತ್ತುತ್ತಿಲ್ಲ. ಗುಂಟೆ ಲೆಕ್ಕದಲ್ಲಿ ಬೆಲೆ ಕಟ್ಟುವಾಗ ತೆಂಗಿನಮರ ಎಣಿಸಬಹುದು, ಬಾವಿ ಎಣಿಸಬಹುದು. ಪ್ರತಿ ವರ್ಷ ಎಡೆ ಇಡುತ್ತಿದ್ದ ಮೂಲೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಸಿನಿಮಾದಲ್ಲಿ ಸತ್ತವರು ಮನೆ ಬಿಡುವುದಿಲ್ಲ, ಬದುಕಿದ್ದವರು ಅವರನ್ನು ಬಿಡಿಸುತ್ತಾರೆ. ಇಲ್ಲಿ ಬದುಕಿದ್ದವರೇ ಮನೆ ಬಿಟ್ಟು ಬಂದರು. ಬೇಲಿಯ ಆಚೆ ಉಳಿದ ಆ ಜಾಗಗಳಲ್ಲಿ ದೆವ್ವ ಇದ್ದರೆ ಅದಕ್ಕೆ ಹೆದರಿಸಲು ಒಬ್ಬರೂ ಇಲ್ಲ, ಊಟಕ್ಕೆ ಕರೆಯಲೂ ಒಬ್ಬರಿಲ್ಲ. ನಮ್ಮ ಕರಾವಳಿಯ ದೆವ್ವದ ಸಿನಿಮಾ ಯಾರಾದರೂ ಮಾಡುವುದಾದರೆ ಅದು ಇಲ್ಲಿಂದ ಶುರುವಾಗಬೇಕು ಅಂತ ನನ್ನ ಆಸೆ.

ಶರಾವತಿಯಲ್ಲಿ, ಸೂಪಾದಲ್ಲಿ ಊರು ಮುಳುಗಿದವರೂ ನಿಮ್ಮಲ್ಲಿ ಇರಬಹುದು. ಹೊಸ ಮನೆಯಲ್ಲಿ ಮೊದಲ ವರ್ಷ ಎಡೆ ಇಟ್ಟಾಗ ಹಿರಿಯರಿಗೆ ದಾರಿ ಹೇಗೆ ಹೇಳಿದಿರಿ? ಗೊತ್ತಿದ್ದವರು ಬರೆಯಿರಿ.