ಗರ್ಭಿಣಿಯರಿಗೆ ಕೊರೊನಾ: ಅಪಾಯ ಮೊದಲು, ಲಸಿಕೆ ಕೊನೆಗೆ

‘ಗರ್ಭಿಣಿಗೆ ಕೊರೊನಾ ಬಂದ್ರೆ ಮಗುವಿಗೂ ಬರುತ್ತಾ?’ ಎರಡನೇ ಅಲೆಯ ಹೊತ್ತಿಗೆ ನಾನು ಪದೇ ಪದೇ ಕೇಳಿಸಿಕೊಂಡ ಪ್ರಶ್ನೆಯಿದು. ಗರ್ಭದಲ್ಲೇ ಸೋಂಕು ತಗಲುವುದು ಅಪರೂಪ. ತಾಯಿಗೇನಾಗುತ್ತೆ ಅಂತ ಕೇಳಿದವರು ಕಮ್ಮಿ. ನಿಜವಾದ ಅಪಾಯ ಇದ್ದದ್ದು ಅಲ್ಲೇ.

ಬೆಳೆಯುವ ಗರ್ಭಕೋಶ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಜಾಸ್ತಿ. ಇದರ ಮೇಲೆ ಶ್ವಾಸಕೋಶದ ಸೋಂಕು ಬಂದರೆ ಕಷ್ಟ.

ಭಾರತವೂ ಸೇರಿದಂತೆ 18 ದೇಶಗಳ 2,130 ಗರ್ಭಿಣಿಯರನ್ನು ಗಮನಿಸಿದ ‘ಇಂಟರ್‌ಕೋವಿಡ್’ ಅಧ್ಯಯನ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಸೋಂಕಿಲ್ಲದವರಿಗೆ ಹೋಲಿಸಿದರೆ ಸೋಂಕಿತರಿಗೆ ಐಸಿಯು ಸೇರುವ ಅಪಾಯ ಸುಮಾರು 5 ಪಟ್ಟು, ಅವಧಿಪೂರ್ವ ಹೆರಿಗೆಯ ಅಪಾಯ ಸುಮಾರು 1.6 ಪಟ್ಟು. ಸೋಂಕಿತ ತಾಯಂದಿರ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 13% ಪಾಸಿಟಿವ್ ಬಂದವು. ಆದರೆ ಎದೆಹಾಲಿನಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಈಗ ತಾರೀಖುಗಳನ್ನು ನೋಡಿ. ನಮ್ಮಲ್ಲಿ ಲಸಿಕೆ ಅಭಿಯಾನ ಶುರುವಾಗಿದ್ದು 2021ರ ಜನವರಿ 16ಕ್ಕೆ. ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ಕ್ಕೆ. ಅಷ್ಟರಲ್ಲಿ ಎರಡನೇ ಅಲೆ ಇಳಿದಿತ್ತು. ‘ದತ್ತಾಂಶ ಇಲ್ಲ’ ಅನ್ನೋದೇ ಕಾರಣ. ಪ್ರಯೋಗಗಳಿಂದ ಗರ್ಭಿಣಿಯರನ್ನು ಹೊರಗಿಟ್ಟ ಮೇಲೆ ದತ್ತಾಂಶ ಎಲ್ಲಿಂದ ಬರಬೇಕು? ಲಸಿಕೆ ಪಡೆದ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೂ ತಲುಪುತ್ತವೆ ಎಂಬುದು ಆಮೇಲೆ ಖಚಿತವಾಯಿತು.

ರಕ್ಷಣೆಯ ಹೆಸರಲ್ಲಿ ಹೊರಗಿಡುವುದು ರಕ್ಷಣೆಯಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ಲಸಿಕೆಯ ಪ್ರಯೋಗ ಶುರುವಾದಾಗ ನಾವು ಮೊದಲು ಕೇಳಬೇಕಾದ್ದು ಇಷ್ಟೇ: ಗರ್ಭಿಣಿಯರು ಎಲ್ಲಿ?