ಮೇಜಿನ ಮೇಲಿರುವವರು ಯಾರು?

ಫಿಸಿಯೋಥೆರಪಿ ಮಕ್ಕಳಿಗೆ ಅನಾಟಮಿ ಪಾಠ ಮಾಡುವುದು ನನ್ನ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯಿಂದ ಬೆಳಗ್ಗಿನ ಬಸ್ಸಿಗೆ ನೇತಾಡಿಕೊಂಡು ಬರುವವರೇ ಕ್ಲಾಸಿನಲ್ಲಿ ಜಾಸ್ತಿ. ಮೊದಲ ವಾರ ಯಾರೂ ತುಟಿ ಬಿಚ್ಚುವುದಿಲ್ಲ, ಫಾರ್ಮಾಲಿನ್ ವಾಸನೆಗೆ ಕಣ್ಣು ಮೂಗು ಉರಿಯುವುದರಲ್ಲೇ ಕಳೆದುಹೋಗುತ್ತದೆ. ಆಮೇಲೆ ಒಂದು ದಿನ ಯಾರಾದರೊಬ್ಬರು ಮೆಲ್ಲಗೆ ಕೇಳಿಯೇ ಕೇಳುತ್ತಾರೆ: "ಮೇಡಂ, ಇವರು ಯಾರು?"

ಹೆಸರು ನನಗೂ ಗೊತ್ತಿರುವುದಿಲ್ಲ. ಆದರೆ ಆ ಪ್ರಶ್ನೆಗೆ ಒಂದು ದೊಡ್ಡ ಚರಿತ್ರೆಯೇ ಇದೆ ಮಾರಾಯ್ರೆ. ಸಿಲಬಸ್ಸಿನಲ್ಲಿ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸುಶ್ರುತನಿಂದಲೇ ಶುರು ಮಾಡೋಣ. ಶಸ್ತ್ರವೈದ್ಯ ಆಗಬೇಕಾದವನು ಹೆಣವನ್ನು ಕಣ್ಣಾರೆ ನೋಡಿ ಕಲಿಯಬೇಕು ಅಂತ ಅವನ ಸಂಹಿತೆ ಖಡಾಖಂಡಿತವಾಗಿ ಹೇಳುತ್ತದೆ. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಯಾರಿಗೂ ಕಾಣದ ಕಡೆ ಹೊಳೆಯಲ್ಲಿ ಏಳು ರಾತ್ರಿ ಬಿಡಬೇಕು. ಮೆತ್ತಗಾದ ಮೇಲೆ ಲಾವಂಚದ ಬೇರು, ಕೂದಲು, ಬಿದಿರಿನ ಕುಂಚದಿಂದ ಉಜ್ಜುತ್ತಾ ಚರ್ಮದಿಂದ ಒಳಕ್ಕೆ ಪದರ ಪದರವಾಗಿ ನೋಡುತ್ತಾ ಹೋಗಬೇಕು. ನೇತ್ರಾವತಿ ದಡದಲ್ಲಿ ಬೆಳೆದ ಬಂಟ್ವಾಳದ ಮಕ್ಕಳಿಗೆ ಇದನ್ನು ಹೇಳಿದರೆ ಮುಖ ಹುಳ್ಳಗಾಗುತ್ತದೆ :)

ಸುಶ್ರುತನ ಲೆಕ್ಕದಲ್ಲಿ ಮೂಳೆಗಳು 300, ಚರಕನಲ್ಲಿ 360. ಈಗ ನಾವು ದೊಡ್ಡವರ ದೇಹದಲ್ಲಿ 206 ಅನ್ನುತ್ತೇವೆ. ಹಾಗಂತ ಅವರದ್ದು ಬರೀ ಊಹೆ ಅಂದುಕೊಳ್ಳಬೇಡಿ. ಹಲ್ಲು, ಮೃದ್ವಸ್ಥಿ ಇವೆಲ್ಲ ಆ ಲೆಕ್ಕದೊಳಗೆ ಸೇರಿವೆ. ಎಣಿಸುವ ಕ್ರಮ ಬೇರೆ, ಅಷ್ಟೆ.

ಯೂರೋಪಿನ ಕಥೆ ಇನ್ನೊಂದು ಥರ. ಗೇಲನ್ ಮಂಗ, ಹಂದಿಗಳನ್ನು ಕೊಯ್ದು ಬರೆದದ್ದನ್ನೇ ಮನುಷ್ಯನ ದೇಹ ಅಂತ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ಪಾದುವಾದಲ್ಲಿ ಪಾಠ ಮಾಡುತ್ತಿದ್ದ ವೆಸಾಲಿಯಸ್ ತಾನೇ ಕೊಯ್ದು ನೋಡಿ, 1543ರಲ್ಲಿ ತನ್ನ ಪುಸ್ತಕ ಹೊರತಂದು ಆ ತಪ್ಪುಗಳನ್ನು ತೋರಿಸಿದ. ಸರಿ, ಅವನಿಗೆ ಹೆಣ ಸಿಕ್ಕಿದ್ದು ಎಲ್ಲಿಂದ? ಹೆಚ್ಚಾಗಿ ನೇಣುಗಂಬದಿಂದ.

ಕಾಲೇಜುಗಳು ಜಾಸ್ತಿಯಾದ ಹಾಗೆ ನೇಣಿಗೇರಿದವರು ಸಾಕಾಗಲಿಲ್ಲ. ಗೋರಿ ಅಗೆದು ಹೆಣ ಮಾರುವ ದಂಧೆ ಹುಟ್ಟಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಇನ್ನೂ ಮುಂದೆ ಹೋಗಿ, 16 ಜನರನ್ನು ಕೊಂದು ಅನಾಟಮಿ ಮೇಷ್ಟ್ರಿಗೆ ಮಾರಿದ್ದು ಬಯಲಾಯಿತು. ಬರ್ಕ್‌ನನ್ನು 1829ರಲ್ಲಿ ಗಲ್ಲಿಗೇರಿಸಿ ಅವನ ದೇಹವನ್ನೂ ಕೊಯ್ದರು! ಅವನ ಅಸ್ಥಿಪಂಜರ ಇವತ್ತಿಗೂ ಅಲ್ಲೇ ಇದೆ. 1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿತು. ವಾರಸುದಾರರಿಲ್ಲದೆ ಸತ್ತವರ ದೇಹ ಇನ್ನು ಕಾಲೇಜಿಗೆ. ಅಂದರೆ ಕೊಲೆಗಾರನ ಜಾಗಕ್ಕೆ ಬಡವ ಬಂದ. ಬಡವನನ್ನು ಯಾರೂ ಕೇಳಲಿಲ್ಲ.

ನಮ್ಮಲ್ಲಿ 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಚಾಕು ಹಿಡಿದರು. ಮೂಲತಃ ಆಯುರ್ವೇದ ಪಂಡಿತರು, ಇಂಗ್ಲಿಷ್ ಅನಾಟಮಿ ಪುಸ್ತಕವೊಂದನ್ನು ಸಂಸ್ಕೃತಕ್ಕೆ ತಂದವರು. ಹೆಣ ಮುಟ್ಟಿದರೆ ಜಾತಿ ಕೆಡುವ ಕಾಲ ಅದು. ಆಮೇಲೆ ಕಾಲೇಜುಗಳು ಬೆಳೆದವು, ಕರ್ನಾಟಕಕ್ಕೂ 1957ರ ಅನಾಟಮಿ ಕಾಯಿದೆ ಬಂತು. ಅದರ ಮೂಲ ತತ್ವವೂ ವಾರಸುದಾರರಿಲ್ಲದ ದೇಹವೇ. ಹಾಸ್ಟೆಲಿನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುವ ಬೋನ್ ಸೆಟ್ ನೋಡಿದ್ದೀರಲ್ಲ? ಅಂಥ ಮೂಳೆಗಳನ್ನು ಭಾರತ ಪ್ರಪಂಚಕ್ಕೆಲ್ಲ ಮಾರುತ್ತಿತ್ತು, 1985ರಲ್ಲಿ ಸರ್ಕಾರ ನಿಷೇಧಿಸುವ ತನಕ.

ಅಂದ ಹಾಗೆ, ಫಿಸಿಯೋದವರಿಗೆ ಇಷ್ಟೆಲ್ಲ ಅನಾಟಮಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಇದಕ್ಕೆ ಪೋಲಿಯೊ ಉತ್ತರ. 1912ರ ಹೊತ್ತಿಗೆ ಬಾಸ್ಟನ್ನಿನಲ್ಲಿ ಡಾಕ್ಟರ್ ಲೊವೆಟ್ ಮತ್ತು ಅವರ ಜೊತೆಗಿದ್ದ ವಿಲ್ಹೆಲ್ಮಿನ್ ರೈಟ್ ಪೋಲಿಯೊ ಬಂದ ಮಕ್ಕಳ ಸ್ನಾಯುಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ ರೂಪಿಸಿದರು. ಯಾವುದು ಭೂಮಿಯ ಎಳೆತ ಮೀರಿ ಎತ್ತಬಲ್ಲದು, ಯಾವುದು ಬರೀ ಮಿಡುಕುತ್ತದೆ ಅಂತ ಬೇರೆ ಬೇರೆ ದರ್ಜೆ. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟುತ್ತದೆ ಗೊತ್ತಿಲ್ಲದೆ ಇದನ್ನು ಮಾಡುವುದು ಹೇಗೆ? ನಮ್ಮ ದೇಶದಲ್ಲೂ ಮುಂಬೈಗೆ ಪೋಲಿಯೊ ಬಡಿದ ಬೆನ್ನಿಗೆ, 1953ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಅದೇ 1953ರಲ್ಲಿ ಇತ್ತ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಅಲ್ಲಿನ ಅನಾಟಮಿ ಮ್ಯೂಸಿಯಂ ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ.

ಫಿಸಿಯೋ ಮಕ್ಕಳು ಹೆಚ್ಚಾಗಿ ತಾವೇ ಕೊಯ್ಯುವುದಿಲ್ಲ, ಬಿಡಿಸಿಟ್ಟದ್ದನ್ನು ನೋಡುತ್ತಾರೆ. ಅವರ ನಿಜವಾದ ಪಾಠ ಆಮೇಲೆ, ಬದುಕಿರುವವರ ಚರ್ಮದ ಮೇಲಿನಿಂದ ಬೆರಳಲ್ಲಿ ಹುಡುಕುವುದು. ಮೀನಖಂಡ ಒತ್ತಿ ಅಂತ ಹೇಳುತ್ತೇನೆ. ಮೇಲಿನದು ಗ್ಯಾಸ್ಟ್ರಾಕ್ನೀಮಿಯಸ್, ಗ್ರೀಕಿನಲ್ಲಿ 'ಕಾಲಿನ ಹೊಟ್ಟೆ'. ಅದರಡಿಯ ಚಪ್ಪಟೆ ಸ್ನಾಯು ಸೋಲಿಯಸ್. ಲ್ಯಾಟಿನ್ನಿನ 'ಸೋಲಿಯಾ' ಅಂದರೆ ಚಪ್ಪಲಿ, ಅದೇ ಹೆಸರು ಒಂದು ಚಪ್ಪಟೆ ಮೀನಿಗೂ ಇದೆ. ನಮ್ಮ ನಂಗ್ ಮೀನಿನ ಜಾತಿಯೇ! ಕನ್ನಡದವರಿಗೂ ಕಾಲಿನಲ್ಲಿ ಮೀನೇ ಕಂಡದ್ದು ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಈ ಹೆಸರು ಮಕ್ಕಳಿಗೆ ಮರೆಯುವುದೇ ಇಲ್ಲ.

ಇನ್ನು ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರಪೀಜಿಯಸ್. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ತಲೆ ತಗ್ಗಿಸಿ ಬೀಡಿ ಕಟ್ಟುವವರಿಗೆ ನೋಯುವ ಜಾಗ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮಕ್ಕಳ ಫೀಸು ಬಂದಿರುವುದು ಆ ತಡ್ಪೆಯಿಂದಲೇ. "ನನ್ನ ಅಮ್ಮನಿಗೆ ಇಲ್ಲೇ ನೋವು" ಅಂತ ಒಬ್ಬಳಾದರೂ ಹೇಳುತ್ತಾಳೆ, ಪ್ರತಿ ವರ್ಷ.

ಈಗ ಸ್ವಇಚ್ಛೆಯಿಂದ ದೇಹದಾನ ಮಾಡುವವರೂ ಇದ್ದಾರೆ. ಪಾಠ ಶುರುವಾಗುವ ಮೊದಲು ಆ ದೇಹಕ್ಕೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡುವ ಪದ್ಧತಿ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಬಂದಿದೆ. ಒಳ್ಳೆಯದೇ. ಆದರೂ ಇಷ್ಟು ಕಾಲ ನಾವು ಕಲಿತದ್ದು ಬಹುಪಾಲು, ಯಾರೂ ಒಪ್ಪಿಗೆ ಕೇಳದ ಬಡವರಿಂದ. ಆ ಸಾಲ ಅವರಿಗೆ ತೀರಿಸಲಾಗದು. ಬೀಡಿ ಕಟ್ಟಿ ಕಟ್ಟಿ ಗಟ್ಟಿಯಾದ ಒಂದು ಭುಜವನ್ನು ಸಡಿಲ ಮಾಡಿದರೆ ಬಡ್ಡಿಯಾದರೂ ಸಂದೀತು ಅಂತ ನನ್ನ ಲೆಕ್ಕ.

ನಿಮ್ಮ ಊರಲ್ಲಿ ಮೀನಖಂಡಕ್ಕೆ ಏನಂತಾರೆ? ಗೊತ್ತಿದ್ದರೆ ಬರೆಯಿರಿ, ಕ್ಲಾಸಿನಲ್ಲಿ ಹೇಳುತ್ತೇನೆ.